ಗಡಿಯಾಚೆಯ ಕೋರ್ಟಿನ ಭಯ: ಹಾಂಗ್‌ಕಾಂಗ್ ಬೀದಿಗಿಳಿದದ್ದು ಯಾಕೆ?

2018ರ ಜುಲೈನಲ್ಲಿ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟು ಭಾರತ ಸರ್ಕಾರಕ್ಕೆ ಒಂದು ವಿಚಿತ್ರ ಕೆಲಸ ಹಚ್ಚಿತು. ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್‌ನ ವಿಡಿಯೊ ಮಾಡಿ ಕಳಿಸಿ, ಅದೂ ಹಗಲು ಹೊತ್ತಲ್ಲಿ ಎಂದಿತು. ಒಳಗೆ ಬೆಳಕು ಬೀಳುತ್ತದೋ ಇಲ್ಲವೋ ನ್ಯಾಯಾಧೀಶರು ಕಣ್ಣಾರೆ ನೋಡಬೇಕಿತ್ತು. ಕೇಸು ನಮ್ಮ ವಿಜಯ್ ಮಲ್ಯ ಅವರದ್ದು. ಸಾವಿರಾರು ಕೋಟಿ ಸಾಲ ಮಾಡಿ ಹೋದವರಿಗೆ ಸೂರ್ಯನ ಬೆಳಕು ಬೇರೆ ಕೇಡು ಅಂತ ಇಲ್ಲಿ ಎಷ್ಟೋ ಜನ ನಕ್ಕಿದ್ದರು. ವಿಡಿಯೊ ಹೋಯಿತು. ಡಿಸೆಂಬರ್ 10ರಂದು ಕೋರ್ಟು ಭಾರತದ ಪರವಾಗಿ ತೀರ್ಪನ್ನೂ ಕೊಟ್ಟಿತು. ಮಲ್ಯ ಬಂದರಾ ಅಂತ ಮಾತ್ರ ಕೇಳಬೇಡಿ, ಅದು ಬೇರೆಯೇ ಕಥೆ.

ಆದರೆ ಆ ವಿಡಿಯೊ ನಗುವ ವಿಷಯವಲ್ಲ. ಒಂದು ದೇಶ ಇನ್ನೊಂದು ದೇಶಕ್ಕೆ ಆರೋಪಿಯನ್ನು ಒಪ್ಪಿಸುವಾಗ ಕೇಳಿಕೊಳ್ಳುವ ಮುಖ್ಯ ಪ್ರಶ್ನೆಯೇ ಅದು. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವುದು ಅಲ್ಲಿಯ ಕೋರ್ಟಿಗೆ ಬಿಟ್ಟ ವಿಷಯ. ಅಲ್ಲಿಗೆ ಹೋದ ಮೇಲೆ ಅವನನ್ನು ಹೇಗೆ ನೋಡಿಕೊಳ್ಳುತ್ತಾರೆ, ಅವನ ಮಾತು ಯಾರಾದರೂ ಕೇಳುತ್ತಾರಾ ಅನ್ನುವುದು ಕಳಿಸುವವರ ಪ್ರಶ್ನೆ. ನಮ್ಮ ಪತ್ರಿಕೆಗಳು ಇದಕ್ಕೂ 'ಗಡೀಪಾರು' ಅಂತಲೇ ಬರೆಯುತ್ತವೆ, ಊರಿನಿಂದ ರೌಡಿಯನ್ನು ಹೊರಗೆ ಹಾಕುವುದಕ್ಕೂ ಅದೇ ಪದ. 'ಹಸ್ತಾಂತರ' ಅನ್ನುವುದು ಸರಿಯಾದ ಮಾತು. ಒಂದು ಕೈಯಿಂದ ಇನ್ನೊಂದು ಕೈಗೆ ಕೊಡುವುದು. ಕೊಡುವವರಿಗೆ ತೆಗೆದುಕೊಳ್ಳುವ ಕೈಯ ಮೇಲೆ ನಂಬಿಕೆ ಇರಬೇಕು.

ಆ ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು 2019ರಲ್ಲಿ ಹಾಂಗ್‌ಕಾಂಗ್ ತೋರಿಸಿತು. ಅದರ ಬಿಸಿ ಇವತ್ತಿಗೂ ಆರಿಲ್ಲ.

ಶುರುವಾಗಿದ್ದು ಒಂದು ಕೊಲೆಯಿಂದ. 2018ರ ಫೆಬ್ರುವರಿಯಲ್ಲಿ ಹಾಂಗ್‌ಕಾಂಗ್‌ನ ಯುವ ಜೋಡಿಯೊಂದು ತೈವಾನ್‌ಗೆ ಪ್ರವಾಸ ಹೋಯಿತು. ಹುಡುಗಿ ಗರ್ಭಿಣಿ. ತೈಪೇಯಲ್ಲಿ ಅವಳ ಕೊಲೆಯಾಯಿತು. ಹುಡುಗ ಒಬ್ಬನೇ ಹಾಂಗ್‌ಕಾಂಗ್‌ಗೆ ವಾಪಸ್ ಬಂದ, ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ. ಆದರೆ ಕೊಲೆ ನಡೆದದ್ದು ತೈವಾನ್‌ನಲ್ಲಿ. ಹಾಂಗ್‌ಕಾಂಗ್ ಕೋರ್ಟು ಅದನ್ನು ವಿಚಾರಿಸುವ ಹಾಗಿಲ್ಲ. ತೈವಾನ್‌ಗೆ ಒಪ್ಪಿಸೋಣ ಅಂದರೆ ಎರಡರ ನಡುವೆ ಒಪ್ಪಂದವೂ ಇಲ್ಲ. ಕೊನೆಗೆ ಅವಳ ಹಣ, ವಸ್ತುಗಳನ್ನು ಬಳಸಿಕೊಂಡ ಅಂತ ಹಣಕಾಸಿನ ಕೇಸು ಹಾಕಿ ಜೈಲಿಗೆ ಕಳಿಸಿದರು. ಕೊಲೆಯ ಕೇಸು ಹಾಗೇ ಉಳಿಯಿತು.

ಹಾಂಗ್‌ಕಾಂಗ್‌ನ ಆಗಿನ ಮುಖ್ಯಸ್ಥೆ ಕ್ಯಾರಿ ಲ್ಯಾಮ್ ಇದನ್ನು ಕಾನೂನಿನಲ್ಲಿರುವ ತೂತು ಎಂದರು. 2019ರ ಫೆಬ್ರುವರಿಯಲ್ಲಿ ತೂತು ಮುಚ್ಚಲು ತಿದ್ದುಪಡಿಯ ಪ್ರಸ್ತಾವ ತಂದರು. ಒಪ್ಪಂದ ಇಲ್ಲದ ಯಾವುದೇ ಜಾಗಕ್ಕೂ, ಒಂದೊಂದು ಕೇಸು ನೋಡಿಕೊಂಡು, ಆರೋಪಿಯನ್ನು ಒಪ್ಪಿಸಬಹುದು ಅನ್ನುವುದು ಅದರ ಸಾರ. 'ಯಾವುದೇ ಜಾಗ' ಅಂದರೆ ತೈವಾನ್ ಮಾತ್ರ ಅಲ್ಲ, ಚೀನಾ ಮುಖ್ಯಭೂಮಿಯೂ ಸೇರಿತು.

ಮೇಲ್ನೋಟಕ್ಕೆ ತಪ್ಪೇನಿದೆ? ಕೊಲೆಗಾರನಿಗೆ ಶಿಕ್ಷೆ ಆಗಬೇಕು ಅಲ್ವಾ? ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು 'ತೂತು' ಅನ್ನುವ ಪದದ ಮೇಲೆ. 1997ರಲ್ಲಿ ಬ್ರಿಟನ್ ಹಾಂಗ್‌ಕಾಂಗನ್ನು ಚೀನಾಕ್ಕೆ ಬಿಟ್ಟುಕೊಟ್ಟ ವರ್ಷವೇ ಅಲ್ಲಿಯ ಹಸ್ತಾಂತರ ಕಾಯ್ದೆ ಬಂತು. ಚೀನಾದ ಬೇರೆ ಭಾಗಗಳಿಗೆ ಇದು ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಮರೆತು ಬಿಟ್ಟದ್ದಲ್ಲ, ತಿಳಿದೇ ಹಾಕಿದ್ದು. ಒಂದೇ ದೇಶ, ಆದರೆ ಎರಡು ನ್ಯಾಯಪದ್ಧತಿ. ಒಂದರ ನೀರು ಇನ್ನೊಂದಕ್ಕೆ ಹರಿಯದ ಹಾಗೆ ಕಟ್ಟಿದ ಒಡ್ಡು ಅದು. ಸರ್ಕಾರಕ್ಕೆ ತೂತಾಗಿ ಕಂಡದ್ದು ಜನರಿಗೆ ಒಡ್ಡಾಗಿ ಕಂಡಿತು.

ಒಡ್ಡಿನ ಆಚೆ ಅಂಥದ್ದೇನಿತ್ತು?

ಚೀನಾದ ಕ್ರಿಮಿನಲ್ ಕೋರ್ಟುಗಳಲ್ಲಿ ಶಿಕ್ಷೆಯ ಪ್ರಮಾಣ ಶೇ 99.9ಕ್ಕಿಂತ ಜಾಸ್ತಿ. ಈ ಅಂಕಿಯನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಇದೊಂದೇ ಸಾಕು ಅನ್ನಿಸುವುದಿಲ್ಲ. ಜಪಾನ್‌ನಲ್ಲೂ ಶೇ 99 ದಾಟುತ್ತದೆ. ಆದರೂ ಜಪಾನಿಗೆ ಒಪ್ಪಿಸುತ್ತಾರೆ ಅಂತ ಯಾವ ಊರೂ ಬೀದಿಗೆ ಬಂದಿಲ್ಲ. ಜನ ಹೆದರುವುದು ತೀರ್ಪಿಗಿಂತ ಹೆಚ್ಚಾಗಿ ಬಂಧನಕ್ಕೂ ತೀರ್ಪಿಗೂ ನಡುವಿನ ದಿನಗಳಿಗೆ. ಚೀನಾದ ಕಾನೂನಿನಲ್ಲಿ 'ನಿಗದಿತ ಜಾಗದಲ್ಲಿ ವಾಸ, ನಿಗಾ' ಅನ್ನುವ ಒಂದು ಕ್ರಮ ಇದೆ. ಹೆಸರು ಕೇಳಿದರೆ ಗೃಹಬಂಧನ ಅನ್ನಿಸುತ್ತದೆ. ನಿಜದಲ್ಲಿ ಮನೆಯೂ ಅಲ್ಲ, ಜೈಲೂ ಅಲ್ಲದ ಒಂದು ಜಾಗದಲ್ಲಿ ಆರು ತಿಂಗಳವರೆಗೆ ಇಟ್ಟುಕೊಳ್ಳಬಹುದು. ಎಲ್ಲಿದ್ದಾರೆ ಅಂತ ಮನೆಯವರಿಗೂ ಗೊತ್ತಾಗದೆ ಹೋಗಬಹುದು, ವಕೀಲರೂ ಸಿಗದೆ ಹೋಗಬಹುದು. ಆಮೇಲೆ ಒಂದು ದಿನ ಆ ವ್ಯಕ್ತಿ ಟಿವಿಯಲ್ಲಿ ಕಾಣುತ್ತಾನೆ, ತಪ್ಪೊಪ್ಪಿಕೊಳ್ಳುತ್ತಾ. ಕೋರ್ಟು ಇನ್ನೂ ಶುರುವೇ ಆಗಿರುವುದಿಲ್ಲ.

ಹಾಂಗ್‌ಕಾಂಗ್ ಜನರಿಗೆ ಇದು ಬರೀ ಕೇಳಿದ ಕಥೆಯಲ್ಲ. 2015ರ ಕೊನೆಯ ಮೂರು ತಿಂಗಳಲ್ಲಿ ಕಾಸ್‌ವೇ ಬೇ ಎಂಬಲ್ಲಿಯ ಒಂದು ಪುಸ್ತಕದಂಗಡಿಗೆ ಸೇರಿದ ಐವರು ಒಬ್ಬೊಬ್ಬರಾಗಿ ಕಾಣೆಯಾದರು. ಚೀನಾದ ನಾಯಕರ ಬಗ್ಗೆ ಮಸಾಲೆ ಪುಸ್ತಕ ಮಾರುವ ಅಂಗಡಿ ಅದು. ಒಬ್ಬರು ಥಾಯ್ಲೆಂಡ್‌ನಿಂದ ಮಾಯ. ಇನ್ನೊಬ್ಬರು ಹಾಂಗ್‌ಕಾಂಗ್ ನೆಲದಿಂದಲೇ ಮಾಯ. ಗಡಿ ದಾಟಲು ಬೇಕಾದ ಪರವಾನಗಿ ಪತ್ರ ಅವರ ಮನೆಯಲ್ಲೇ ಇತ್ತು. ಎಲ್ಲರೂ ಚೀನಾದ ವಶದಲ್ಲಿದ್ದಾರೆ ಅಂತ ಆಮೇಲೆ ತಿಳಿಯಿತು. ಐವರಲ್ಲಿ ಒಬ್ಬರಾದ ಲ್ಯಾಮ್ ವಿಂಗ್-ಕೀ 2016ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ಗೆ ಬಂದು ಪತ್ರಕರ್ತರ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟರು. ಟಿವಿಯಲ್ಲಿ ತಾನು ಆಡಿದ್ದು ಬರೆದುಕೊಟ್ಟ ಮಾತು ಎಂದರು. ಹಸ್ತಾಂತರದ ಬಿಲ್ ಬಂತು ಅಂತ ಗೊತ್ತಾದ ಮೇಲೆ, 2019ರ ಏಪ್ರಿಲ್‌ನಲ್ಲಿ, ಅವರು ತೈವಾನ್‌ಗೆ ಹೊರಟುಹೋದರು. ಇನ್ನೂ ಒಂದೇ ಒಂದು ಕಲ್ಲು ಬಿದ್ದಿರಲಿಲ್ಲ, ಅಶ್ರುವಾಯು ಸಿಡಿದಿರಲಿಲ್ಲ. ಬಿಲ್ ಎಂಥದ್ದು ಅಂತ ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಶ್ರೀಮಂತರಿಗೂ ರಕ್ಷಣೆ ಇಲ್ಲ ಅನ್ನುವುದು 2017ರ ಜನವರಿಯಲ್ಲಿ ಗೊತ್ತಾಯಿತು. ಶಾವೊ ಜಿಯಾನ್ಹುವಾ ಎಂಬ ಕೋಟ್ಯಧಿಪತಿಯನ್ನು ಹಾಂಗ್‌ಕಾಂಗ್‌ನ ಐಷಾರಾಮಿ ಹೋಟೆಲಿನಿಂದಲೇ ಕರೆದೊಯ್ದರು. ಐದು ವರ್ಷದ ಮೇಲೆ, 2022ರಲ್ಲಿ, ಅವರಿಗೆ 13 ವರ್ಷ ಜೈಲಾಯಿತು ಅನ್ನುವ ಸುದ್ದಿ ಬಂತು. ಅದೇ 2017ರ ಜನವರಿಯಲ್ಲಿ ಚೀನಾದ ಸುಪ್ರೀಂ ಕೋರ್ಟಿನ ಮುಖ್ಯಸ್ಥರಾಗಿದ್ದ ಝೌ ಚಿಯಾಂಗ್ 'ಸ್ವತಂತ್ರ ನ್ಯಾಯಾಂಗ' ಅನ್ನುವುದನ್ನು ಪಶ್ಚಿಮದ ತಪ್ಪು ವಿಚಾರ ಅಂತ ಕರೆದು, ಅದನ್ನು ಎದುರಿಸಿ ಅಂತ ನ್ಯಾಯಾಧೀಶರಿಗೆ ಹೇಳಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ತುಂಬಾ ಪ್ರಾಮಾಣಿಕವಾದ ಮಾತು ಇದು. ನಮ್ಮ ಕೋರ್ಟು ಸ್ವತಂತ್ರವಲ್ಲ ಅಂತ ವಿರೋಧಿಗಳು ಆರೋಪಿಸಿದ್ದಲ್ಲ, ಕೋರ್ಟಿನ ಯಜಮಾನರೇ ನೀತಿಯಾಗಿ ಸಾರಿದ್ದು.

ಬಿಲ್ ಬರುವ ಎರಡು ತಿಂಗಳ ಮೊದಲು ಇನ್ನೊಂದು ಘಟನೆ. 2018ರ ಡಿಸೆಂಬರ್‌ನಲ್ಲಿ ಕೆನಡಾ, ಅಮೆರಿಕದ ಕೋರಿಕೆಯ ಮೇರೆಗೆ, ಚೀನಾದ ಹುವಾವೇ ಕಂಪನಿಯ ಹಿರಿಯ ಅಧಿಕಾರಿ ಮೆಂಗ್ ವಾನ್ಝೌ ಅವರನ್ನು ಬಂಧಿಸಿತು. ಕೆಲವೇ ದಿನದಲ್ಲಿ ಚೀನಾ ಇಬ್ಬರು ಕೆನಡಿಯನ್ನರನ್ನು ಹಿಡಿಯಿತು. ಡ್ರಗ್ಸ್ ಕೇಸಿನಲ್ಲಿ 15 ವರ್ಷ ಶಿಕ್ಷೆಯಾಗಿದ್ದ ಮತ್ತೊಬ್ಬ ಕೆನಡಿಯನ್‌ನ ಮರುವಿಚಾರಣೆ ನಡೆದು, 2019ರ ಜನವರಿಯಲ್ಲಿ ಶಿಕ್ಷೆ ಮರಣದಂಡನೆಗೆ ಏರಿತು. ವಿದೇಶಾಂಗ ಜಗಳದ ತಾಪಕ್ಕೆ ತಕ್ಕ ಹಾಗೆ ಕೋರ್ಟಿನ ಮುಳ್ಳು ಏರಿಳಿಯುತ್ತದೆ ಅಂತ ಹಾಂಗ್‌ಕಾಂಗ್‌ನ ವ್ಯಾಪಾರಿಗಳಿಗೆ ಅನ್ನಿಸಿದ್ದರೆ ಅವರನ್ನು ದೂರುವುದು ಹೇಗೆ?

ಈ ವ್ಯಾಪಾರಿಗಳ ಭಯವನ್ನು ಸ್ವಲ್ಪ ಗಮನಿಸಬೇಕು. ಅವರೇನು ಪ್ರಜಾಪ್ರಭುತ್ವದ ಹೋರಾಟಗಾರರಲ್ಲ. ಹೆಚ್ಚಿನವರು ಬೀಜಿಂಗ್ ಜೊತೆ ಚೆನ್ನಾಗಿಯೇ ಇದ್ದವರು. ಚೀನಾದಲ್ಲಿ ಫ್ಯಾಕ್ಟರಿ ನಡೆಸಿದವರಿಗೆ ಅಲ್ಲಿ ಲೈಸೆನ್ಸಿಗೆ, ತೆರಿಗೆಗೆ, ಜಾಗಕ್ಕೆ ಯಾರ ಕೈಗೆ ಏನಿಟ್ಟಿದ್ದೆವು ಅನ್ನುವುದು ಗೊತ್ತೇ ಇರುತ್ತದೆ. ಹತ್ತು ವರ್ಷದ ಹಿಂದಿನ ಕಡತ ನಾಳೆ ತೆರೆದರೆ? ಹಾಗಾಗಿ ಮೊದಲು ಗೊಣಗಿದ ಗುಂಪಿನಲ್ಲಿ ಅವರೂ ಇದ್ದರು. ಸರ್ಕಾರ ಬಿಲ್‌ನಿಂದ ಒಂಬತ್ತು ಆರ್ಥಿಕ ಅಪರಾಧಗಳನ್ನು ತೆಗೆದು 46ನ್ನು 37ಕ್ಕೆ ಇಳಿಸಿತು. ಮೇ 30ರಂದು ಇನ್ನೊಂದು ರಿಯಾಯಿತಿ ಬಂತು: ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಿಗೆ ಮಾತ್ರ ಹಸ್ತಾಂತರ. ರಾಜಕೀಯ ಕೇಸುಗಳಿಗೆ ಇಲ್ಲ, ಹಾಂಗ್‌ಕಾಂಗ್ ಕೋರ್ಟೇ ಪರಿಶೀಲಿಸುತ್ತದೆ, ಹೆದರಬೇಡಿ ಎಂದರು.

ಸರ್ಕಾರ ಎಡವಿದ್ದು ಇಲ್ಲೇ. ಬರೆದ ಕಾನೂನಿನ ಮೇಲೆ ಅನುಮಾನ ಇದ್ದರೆ ಇನ್ನೆರಡು ಕಲಂ ಸೇರಿಸಬಹುದು. ಕಾನೂನು ನಡೆಸುವವರ ಮೇಲೆಯೇ ಅನುಮಾನ ಇದ್ದರೆ ಎಷ್ಟು ಕಲಂ ಸೇರಿಸಿದರೂ ಅಷ್ಟೇ. 'ರಾಜಕೀಯ ಕೇಸಿಗೆ ಕಳಿಸುವುದಿಲ್ಲ' ಅಂದಿರಿ, ಸರಿ. ಆದರೆ ಪುಸ್ತಕದಂಗಡಿಯ ಗುಯ್ ಮಿನ್ಹಾಯ್ ಟಿವಿಯಲ್ಲಿ ಒಪ್ಪಿಕೊಂಡದ್ದು ಪುಸ್ತಕದ ವಿಷಯವನ್ನಲ್ಲ, ಹಳೆಯ ಅಪಘಾತದ ಕೇಸೊಂದನ್ನು. ಬೇಡದವನನ್ನು ಹಿಡಿಯಲು ರಾಜಕೀಯ ಕಲಂ ಬೇಕಾಗಿಯೇ ಇಲ್ಲ. ಇನ್ನು ಹಾಂಗ್‌ಕಾಂಗ್ ಕೋರ್ಟಿನ ಪರಿಶೀಲನೆ. ಮೇಲ್ನೋಟಕ್ಕೆ ಕೇಸು ನಿಲ್ಲುತ್ತದಾ ಅಂತ ಕಾಗದ ನೋಡುವುದು ಮುಖ್ಯ ಕೆಲಸ. ಕಾಗದ ಕಳಿಸುವವರು ಯಾರು? ಗಡಿಯಾಚೆಯವರೇ. ಪ್ರಕ್ರಿಯೆ ಶುರು ಮಾಡುವ ಅಧಿಕಾರ ಯಾರಿಗೆ? ಬೀಜಿಂಗ್ ನೇಮಿಸುವ ಹಾಂಗ್‌ಕಾಂಗ್ ಮುಖ್ಯಸ್ಥರಿಗೆ. ಬೀಜಿಂಗ್ ಕೇಳಿದರೆ ಇವರು 'ಆಗಲ್ಲ' ಅನ್ನುತ್ತಾರೆ ಅಂತ ಯಾರು ನಂಬಬೇಕು?

ಜೂನ್ 6ರಂದು ಹಾಂಗ್‌ಕಾಂಗ್‌ನ ವಕೀಲರು ಕಪ್ಪು ಬಟ್ಟೆ ಹಾಕಿಕೊಂಡು, ಘೋಷಣೆಯಿಲ್ಲದೆ, ಮೌನವಾಗಿ ನಡೆದರು. ಸಂಘಟಕರ ಲೆಕ್ಕದಲ್ಲಿ ಸುಮಾರು 3,000 ಮಂದಿ. ಜೂನ್ 9ರಂದು ಊರೇ ನಡೆಯಿತು. ಸಂಘಟಕರು 10 ಲಕ್ಷ ದಾಟಿತು ಎಂದರು, ಪೊಲೀಸರು 2.4 ಲಕ್ಷ ಎಂದರು. ಜೂನ್ 12ರಂದು ಶಾಸನಸಭೆಯ ಸುತ್ತ ಅಶ್ರುವಾಯು, ರಬ್ಬರ್ ಗುಂಡು. 15ರಂದು ಬಿಲ್ ತಡೆಹಿಡಿದರು. 'ತಡೆ' ಅಂದರೆ ವಾಪಸ್ ಅಲ್ಲ. ಮರುದಿನ ಇನ್ನೂ ದೊಡ್ಡ ಮೆರವಣಿಗೆ: ಸಂಘಟಕರ ಪ್ರಕಾರ ಸುಮಾರು 20 ಲಕ್ಷ, ಪೊಲೀಸರ ಪ್ರಕಾರ 3.38 ಲಕ್ಷ. ಊರಿನ ಜನಸಂಖ್ಯೆ ಸುಮಾರು 74 ಲಕ್ಷ. ಸಣ್ಣ ಅಂಕಿಯನ್ನೇ ನಂಬಿದರೂ ಇಪ್ಪತ್ತೆರಡು ಜನರಲ್ಲಿ ಒಬ್ಬರು ಬೀದಿಯಲ್ಲಿದ್ದರು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ನೋಡಬೇಕು. 'ಕಾನೂನಿನ ಮೇಲೆ ನಂಬಿಕೆ ಹೋಗಿ ಜನ ಬೀದಿಗಿಳಿದರು' ಅಂತ ಸುಮ್ನೆ ಬರೆದುಬಿಡುತ್ತೇವೆ. ಹಾಂಗ್‌ಕಾಂಗ್‌ನಲ್ಲಿ ಆದದ್ದು ಅರ್ಧ ಅದರ ಉಲ್ಟಾ. ಅವರಿಗೆ ತಮ್ಮ ಕೋರ್ಟಿನ ಮೇಲೆ ತುಂಬಾ ನಂಬಿಕೆ ಇತ್ತು. ಕಳೆದುಕೊಳ್ಳಲು ಏನೋ ಇದೆ ಅನ್ನಿಸಿದ್ದರಿಂದಲೇ ಅಷ್ಟು ಜನ ಬಂದರು. ನಮ್ಮಲ್ಲಿ 'ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ' ಅನ್ನುತ್ತಾರೆ. ಅದೇ ಬಾಯಲ್ಲಿ ಜಗಳದ ಕೊನೆಗೆ 'ಕೋರ್ಟಲ್ಲಿ ನೋಡ್ಕೋತೀನಿ' ಅಂತಲೂ ಅನ್ನುತ್ತಾರೆ. ಮೊದಲನೆಯದು ವಾಯಿದೆ, ಖರ್ಚು, ಅಲೆದಾಟದ ಬಗ್ಗೆ ಬೇಸರ. ಎರಡನೆಯದು ಕೊನೆಗೂ ಅಲ್ಲಿ ಯಾರೋ ಕೇಳುವವರಿದ್ದಾರೆ ಅನ್ನುವ ಲೆಕ್ಕ. ಎರಡನೆಯ ಮಾತು ಆಡಲು ಆಗದ ಜಾಗಕ್ಕೆ ನಮ್ಮನ್ನು ಕಳಿಸಬೇಡಿ ಅನ್ನುವುದೇ ಹಾಂಗ್‌ಕಾಂಗ್‌ನವರ ಬೇಡಿಕೆಯಾಗಿತ್ತು.

ಬೀದಿಯವರ ಭಯ ಉತ್ಪ್ರೇಕ್ಷೆ, ವಿದೇಶಿಯರು ಕಿವಿಯೂದಿದ್ದು ಅಂತ ಬೀಜಿಂಗ್ ಹೇಳಿತು. ಆದರೆ ತಣ್ಣಗೆ ಕೂತು ಕಡತ ಓದುವ ನ್ಯಾಯಾಧೀಶರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಜೂನ್ 9ರ ಮೆರವಣಿಗೆಯಾದ ಎರಡೇ ದಿನಕ್ಕೆ, ಜೂನ್ 11ರಂದು, ನ್ಯೂಜಿಲೆಂಡ್‌ನ ಮೇಲ್ಮನವಿ ಕೋರ್ಟು ಚೀನಾ ಕೇಳಿದ್ದ ಒಬ್ಬ ಕೊಲೆ ಆರೋಪಿಯ ಹಸ್ತಾಂತರಕ್ಕೆ ತಡೆ ಹಾಕಿತು. ಚಿತ್ರಹಿಂಸೆ ಆಗುವುದಿಲ್ಲ, ವಿಚಾರಣೆ ಸರಿಯಾಗಿರುತ್ತದೆ ಅನ್ನುವುದನ್ನು ಮಂತ್ರಿ ಮತ್ತೆ ಪರಿಶೀಲಿಸಲಿ ಎಂದಿತು. ಮುಂದಿನ ತಿಂಗಳು ಸ್ವೀಡನ್ನಿನ ಸುಪ್ರೀಂ ಕೋರ್ಟು ಚೀನಾದ ಒಬ್ಬ ಮಾಜಿ ಅಧಿಕಾರಿಯನ್ನು ಒಪ್ಪಿಸಲು ಒಪ್ಪಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಯೂರೋಪಿನ ಮಾನವ ಹಕ್ಕು ನ್ಯಾಯಾಲಯ ಪೋಲೆಂಡ್‌ನಿಂದ ಒಬ್ಬ ತೈವಾನ್ ಪ್ರಜೆಯನ್ನು ಚೀನಾಕ್ಕೆ ಕಳಿಸಬಾರದು ಅಂತ ತೀರ್ಪು ಕೊಟ್ಟಿತು.

ನಾವು ಬೆನ್ನು ತಟ್ಟಿಕೊಳ್ಳುವುದೂ ಬೇಡ. 2025ರ ಫೆಬ್ರುವರಿಯಲ್ಲಿ ಲಂಡನ್ ಹೈಕೋರ್ಟು ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿಯನ್ನು ಭಾರತಕ್ಕೆ ಒಪ್ಪಿಸಲು ಒಪ್ಪಲಿಲ್ಲ. ತಿಹಾರ್ ಜೈಲಿನಲ್ಲಿ ಸುಲಿಗೆ, ಹಿಂಸೆಯ ಅಪಾಯ ಇದೆ ಅನ್ನುವುದು ಒಂದು ಕಾರಣ. 12ನೇ ಬ್ಯಾರಕ್‌ನ ವಿಡಿಯೊ ಎಲ್ಲ ಕಡೆಯೂ ನಡೆಯುವುದಿಲ್ಲ.

ಹಾಂಗ್‌ಕಾಂಗ್‌ಗೆ ವಾಪಸ್ ಬರೋಣ. ಜೂನ್ ಮುಗಿಯುವಷ್ಟರಲ್ಲಿ ಚಳವಳಿಯ ಬಣ್ಣ ಬದಲಾಯಿತು. ಜೂನ್ 12ರ ಗಲಾಟೆಯನ್ನು ಸರ್ಕಾರ 'ದೊಂಬಿ' ಎಂದಿತು. ಅಲ್ಲಿಯ ಕಾನೂನಿನಲ್ಲಿ ದೊಂಬಿಗೆ ಹತ್ತು ವರ್ಷದವರೆಗೆ ಜೈಲು. ಚಳವಳಿಗಾರರ ಐದು ಬೇಡಿಕೆಗಳು ಹುಟ್ಟಿದ್ದು ಹೀಗೆ: ಬಿಲ್ ವಾಪಸ್, 'ದೊಂಬಿ' ಪದ ವಾಪಸ್, ಬಂಧಿತರ ಮೇಲಿನ ಕೇಸು ವಾಪಸ್, ಪೊಲೀಸರ ಮೇಲೆ ಸ್ವತಂತ್ರ ತನಿಖೆ, ಎಲ್ಲರಿಗೂ ಮತದಾನದ ಹಕ್ಕು. ಐದರಲ್ಲಿ ನಾಲ್ಕು ಕಾನೂನಿಗೆ, ಪೊಲೀಸರಿಗೆ ಸೇರಿದ್ದು. ಶುರುವಿನಲ್ಲಿ ಅಪನಂಬಿಕೆ ಗಡಿಯಾಚೆಯ ಕೋರ್ಟಿನ ಮೇಲೆ ಇತ್ತು. ಈಗ ಅದು ತಮ್ಮದೇ ಬೀದಿಯ ಪೊಲೀಸರ ಮೇಲೆ ಬಂದು ಕೂತಿತು. ಜುಲೈ 21ರ ರಾತ್ರಿ ಯುಯೆನ್ ಲಾಂಗ್ ರೈಲು ನಿಲ್ದಾಣದಲ್ಲಿ ಬಿಳಿ ಬಟ್ಟೆಯ ಗುಂಪೊಂದು ದೊಣ್ಣೆ ಹಿಡಿದು ಪ್ರಯಾಣಿಕರನ್ನು ಹೊಡೆಯಿತು. ಪೊಲೀಸರು ತಡವಾಗಿ ಬಂದರು. ಪೊಲೀಸರ ಮೇಲಿನ ದೂರು ನೋಡಲು ಒಂದು ಮಂಡಳಿ ಇತ್ತು, ಆದರೆ ಅದಕ್ಕೆ ಸಾಕ್ಷಿಗಳನ್ನು ಕರೆಸುವ ಅಧಿಕಾರವೇ ಇರಲಿಲ್ಲ. ಸಲಹೆಗೆ ಬಂದಿದ್ದ ವಿದೇಶಿ ತಜ್ಞರು ಡಿಸೆಂಬರ್‌ನಲ್ಲಿ ಅದೇ ಕಾರಣಕ್ಕೆ ಹೊರಬಂದರು.

ದೂರಿಗೆ ಜಾಗ ಇಲ್ಲದಾಗ ಕೈ ಮುಂದಾಗುತ್ತದೆ. ಚಳವಳಿಗಾರರಲ್ಲಿ ಒಂದು ಭಾಗ ಪೆಟ್ರೋಲ್ ಬಾಂಬ್ ಹಿಡಿಯಿತು. ನವೆಂಬರ್‌ನಲ್ಲಿ ಇಟ್ಟಿಗೆ ತಾಗಿ ಒಬ್ಬ ವೃದ್ಧ ಸಫಾಯಿ ಕಾರ್ಮಿಕ ಸತ್ತ. ವಾದ ಮಾಡಿದ ಒಬ್ಬನಿಗೆ ಬೆಂಕಿಯನ್ನೇ ಹಚ್ಚಿದರು. ಇದನ್ನು ಮುಚ್ಚಿಟ್ಟು ಚಳವಳಿಯ ಕಥೆ ಹೇಳಬಾರದು. ಅಪನಂಬಿಕೆ ಯಾವಾಗಲೂ 'ಒಳ್ಳೆಯ ಕಾನೂನು ಕೊಡಿ' ಅಂತಲೇ ಕೇಳುವುದಿಲ್ಲ. ಅದೇ ವರ್ಷ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂವು ಹಾಕಿದರು. ಕೋರ್ಟಿಗೆ ಕಾಯುವ ತಾಳ್ಮೆ ಇಲ್ಲದ ಹೂವು ಅದು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ ಆಮೇಲೆ, ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಿದರು ಎಂದಿತು. ಹೈದರಾಬಾದ್ ಕೋರ್ಟನ್ನು ದಾಟಿ ಹೋಗಲು ನೋಡಿತು, ಹಾಂಗ್‌ಕಾಂಗ್ ಕೋರ್ಟನ್ನು ಉಳಿಸಿಕೊಳ್ಳಲು ನೋಡಿತು. ಎರಡರ ಬೇರೂ ಅಪನಂಬಿಕೆಯೇ.

ಉಳಿಸಿಕೊಂಡರಾ? 2020ರ ಜೂನ್ 30ರ ರಾತ್ರಿ ಬೀಜಿಂಗ್ ನೇರವಾಗಿ ಹಾಂಗ್‌ಕಾಂಗ್‌ಗೆ ರಾಷ್ಟ್ರೀಯ ಭದ್ರತಾ ಕಾನೂನು ತಂದಿತು. ಜಾರಿಯಾಗುವ ಹೊತ್ತಿಗೇ ಜನ ಅದನ್ನು ಮೊದಲ ಸಲ ಓದಿದರು. ಈ ಕೇಸುಗಳಲ್ಲಿ ಜಾಮೀನು ಸಿಗುವುದೇ ಅಪರೂಪ. ನ್ಯಾಯಾಧೀಶರನ್ನು ಮುಖ್ಯಸ್ಥರು ಆರಿಸಿದ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ಜ್ಯೂರಿ ಬೇಡ ಅನ್ನಬಹುದು. 55ನೇ ಕಲಂ ಪ್ರಕಾರ ಕೆಲವು ಕೇಸುಗಳನ್ನು ಚೀನಾ ಮುಖ್ಯಭೂಮಿಗೇ ಒಯ್ಯಬಹುದು. 2019ರಲ್ಲಿ ಮುಂಬಾಗಿಲಲ್ಲಿ ತಡೆದದ್ದು ಹಿತ್ತಲಿನಿಂದ ಬಂತು. ವಿರೋಧ ಪಕ್ಷದವರು ಅಭ್ಯರ್ಥಿಗಳನ್ನು ಆರಿಸಲು ತಮ್ಮೊಳಗೆ ನಡೆಸಿದ ಚುನಾವಣೆಗೇ 47 ಮಂದಿಯ ಮೇಲೆ ಕೇಸು ಬಿತ್ತು. 2021ರ ಫೆಬ್ರುವರಿಯಲ್ಲಿ ಆರೋಪ, 2024ರ ಮೇನಲ್ಲಿ ತೀರ್ಪು. ಹೆಚ್ಚಿನವರು ಈ ಮೂರು ವರ್ಷ ಜೈಲಲ್ಲೇ ಇದ್ದರು. ಇಬ್ಬರು ಬಿಡುಗಡೆಯಾದರು, 45 ಮಂದಿಗೆ ನಾಲ್ಕರಿಂದ ಹತ್ತು ವರ್ಷ. ಇಬ್ಬರು ಬಿಡುಗಡೆಯಾದದ್ದೇ ಕೋರ್ಟು ಸ್ವತಂತ್ರ ಅನ್ನುವುದಕ್ಕೆ ಪುರಾವೆ ಅಂತ ಸರ್ಕಾರದ ಕಡೆಯವರು ವಾದಿಸುತ್ತಾರೆ. ಮೇ ತೀರ್ಪಿನ ಬೆನ್ನಲ್ಲೇ, 2024ರ ಜೂನ್‌ನಲ್ಲಿ, ಹಾಂಗ್‌ಕಾಂಗ್‌ನ ಅತ್ಯುನ್ನತ ಕೋರ್ಟಿನಲ್ಲಿ ಕೂರುತ್ತಿದ್ದ ಬ್ರಿಟನ್ನಿನ ಇಬ್ಬರು ನ್ಯಾಯಾಧೀಶರು ರಾಜೀನಾಮೆ ಕೊಟ್ಟರು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಜರ್ಮನಿ 2020ರಲ್ಲೇ ಹಾಂಗ್‌ಕಾಂಗ್ ಜೊತೆಗಿನ ಹಸ್ತಾಂತರ ಸಂಬಂಧ ಕಡಿದುಕೊಂಡಿದ್ದವು. 1997ರ ಜೂನ್‌ನಲ್ಲಿ ಭಾರತ ಮಾಡಿಕೊಂಡ ಒಪ್ಪಂದ ಮಾತ್ರ ಇನ್ನೂ ಇದೆ. 2024ರಲ್ಲೂ ಪಂಜಾಬಿನ ನಾಭಾ ಜೈಲು ಮುರಿದ ಪ್ರಕರಣದ ಆರೋಪಿಯನ್ನು ಹಾಂಗ್‌ಕಾಂಗ್ ನಮಗೆ ಒಪ್ಪಿಸಿತು.

ಇಷ್ಟಕ್ಕೂ ಕಾರಣವಾದ ಆ ಕೊಲೆ? ಕೊಲೆಯ ತನಿಖೆ ಮಾಡುತ್ತಿದ್ದ ತೈವಾನ್, ತನ್ನನ್ನು ಚೀನಾದ ಭಾಗ ಎಂದು ಕಾಣುವ ಬಿಲ್‌ನಡಿ ಆರೋಪಿಯನ್ನು ತೆಗೆದುಕೊಳ್ಳುವುದಿಲ್ಲ ಅಂತ 2019ರ ಮೇನಲ್ಲೇ ಹೇಳಿತ್ತು. 2019ರ ಅಕ್ಟೋಬರ್ 23ರಂದು ಬಿಲ್ಲನ್ನು ಅಧಿಕೃತವಾಗಿ ಹಿಂತೆಗೆದುಕೊಂಡರು. ಅದೇ ದಿನ ಬೆಳಗ್ಗೆ ಆ ಹುಡುಗ ಹಣಕಾಸಿನ ಕೇಸಿನ ಶಿಕ್ಷೆ ಮುಗಿಸಿ ಜೈಲಿನಿಂದ ಹೊರಬಂದ. ಕ್ಯಾಮೆರಾಗಳ ಮುಂದೆ ತಲೆ ಬಾಗಿಸಿ ಕ್ಷಮೆ ಕೇಳಿದ. ತೈವಾನ್‌ಗೆ ಹೋಗಿ ಶರಣಾಗುತ್ತೇನೆ ಎಂದ. ನಮ್ಮ ಪೊಲೀಸರೇ ಬಂದು ಕರೆದೊಯ್ಯುತ್ತಾರೆ ಎಂದಿತು ತೈವಾನ್. ನಿಮ್ಮ ಪೊಲೀಸರಿಗೆ ನಮ್ಮ ನೆಲದಲ್ಲಿ ಅಧಿಕಾರ ಇಲ್ಲ, ಅವನೇ ಬರುತ್ತಾನೆ ಎಂದಿತು ಹಾಂಗ್‌ಕಾಂಗ್. ಎರಡು ಸರ್ಕಾರಗಳೂ ಪತ್ರ ಬರೆದುಕೊಂಡವು. ಅವನು ಆ ವಿಮಾನ ಹತ್ತಲಿಲ್ಲ.